ಕೃತಜ್ಞತೆಯ ಪುಟ

ಪಿಎಚ್‌ಡಿ ಪ್ರಬಂಧವನ್ನು ಯಾರೂ ಪೂರ್ತಿ ಓದುವುದಿಲ್ಲ. ಕೃತಜ್ಞತೆಯ ಪುಟವನ್ನು ಮಾತ್ರ ಎಲ್ಲರೂ ಓದುತ್ತಾರೆ. ಅದರಲ್ಲೂ ಗೈಡ್ ಅನ್ನಿಸಿಕೊಂಡವರು ಪುಸ್ತಕ ಕೈಗೆ ಬಂದ ಕೂಡಲೇ ತೆರೆಯುವುದು ಅದನ್ನೇ. ತನ್ನ ಹೆಸರು ಮೊದಲ ಸಾಲಿನಲ್ಲಿದೆಯೋ, ಎರಡನೆಯದರಲ್ಲೋ, ಹೆಸರಿನ ಹಿಂದೆ ಎಷ್ಟು ವಿಶೇಷಣಗಳಿವೆ, ಎಲ್ಲ ಅಳೆದು ನೋಡುತ್ತಾರೆ. ಇದನ್ನು ನಾನು ಆರು ವರ್ಷಗಳಿಂದ ಸಂಶೋಧನಾ ವಿದ್ಯಾರ್ಥಿಗಳ ಪ್ರತಿ ಹೊಸ ತಂಡಕ್ಕೂ ಹೇಳಿಕೊಡುತ್ತ ಬಂದವಳು. ಹಾಗಾಗಿ ಜೂನ್ ತಿಂಗಳ ಆ ಕೊನೆಯ ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಮಹಂತೇಶ್ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಮೇಡಂ, ಕೃತಜ್ಞತೆ ಪುಟ ಬ್ಯಾರೇದು ಬೈಂಡ್ ಆಗಿ ಬಂದೈತ್ರಿ" ಎಂದಾಗ ಅದೆಷ್ಟು ದೊಡ್ಡ ಅನಾಹುತ ಎಂದು ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಐದು ದಪ್ಪ ಸಂಪುಟಗಳನ್ನು ಎದೆಗೆ ಅವಚಿಕೊಂಡಿದ್ದ. ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಹೊರಗೆ ನಲವತ್ತಮೂರು ಡಿಗ್ರಿ.

"ಬೇರೇದು ಅಂದ್ರೆ ಯಾವುದು?"

"ಫೆಬ್ರವರಿದು" ಎಂದ.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಯಾಕೆಂದರೆ ಆ ಫೆಬ್ರವರಿ ನನ್ನದೇ ಕಿತಾಪತಿ.

ನನ್ನ ಹೆಸರು ಚಿನ್ಮಯಿ. ದೆಹಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಬೇಸಿಗೆ ರಜೆ ಬಿಟ್ಟರೆ ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಒಂದು ಬುಕ್ ಕ್ಲಬ್ ನಡೆಸುತ್ತೇನೆ. ನೋಟಿಸ್ ಬೋರ್ಡಿನಲ್ಲಿ ಅದು ಬುಕ್ ಕ್ಲಬ್ಬೇ. ಪ್ರಬಂಧ ಬರೆಯುವುದು ಹೇಗೆ ಎಂಬಂಥ ಪುಸ್ತಕವೊಂದನ್ನು ಇಟ್ಟುಕೊಂಡು ಇಪ್ಪತ್ತು ನಿಮಿಷ ಒಂದು ಅಧ್ಯಾಯ ಓದುತ್ತೇವೆ. ಆಮೇಲೆ ಬಾಗಿಲು ಹಾಕಿ, ಮೊಬೈಲ್‌ಗಳನ್ನು ಮಗುಚಿಟ್ಟು, ಯಾವ ಪುಸ್ತಕದಲ್ಲೂ ಇಲ್ಲದ್ದನ್ನು ಮಾತಾಡುತ್ತೇವೆ. ಗೈಡ್ "ನೋಡೋಣ" ಎಂದರೆ ಏನರ್ಥ, ಲೇಖನಕ್ಕೆ ತಮ್ಮ ಹೆಸರೂ ಸೇರಲಿ ಎಂದು ಸುಳಿವು ಕೊಟ್ಟರೆ ಏನು ಮಾಡಬೇಕು, ಸೆಮಿನಾರಿನಲ್ಲಿ ದೊಡ್ಡವರೊಬ್ಬರು ಅವಮಾನ ಮಾಡಿದರೆ ನಗಬೇಕೋ ಬೇಡವೋ, ಶಿಫಾರಸು ಪತ್ರ ಕೇಳುವುದಕ್ಕೆ ಯಾವ ವಾರ ಒಳ್ಳೆಯದು. ಇವನ್ನೆಲ್ಲ ದೊಡ್ಡ ಮನೆಗಳ ಮಕ್ಕಳು ಊಟದ ಮೇಜಿನಲ್ಲೇ ಕಲಿತುಕೊಂಡು ಬರುತ್ತಾರೆ. ಮಹಂತೇಶನಂಥವರಿಗೆ ಯಾರೂ ಹೇಳಿಕೊಡುವುದಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ, ನಾನು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಬೆಳೆದ ಗುಮಾಸ್ತರ ಮಗಳು. ನಮ್ಮಪ್ಪ ಮೂವತ್ತು ವರ್ಷ ಸಚಿವಾಲಯದ ಕಡತಗಳಿಗೆ ಟಿಪ್ಪಣಿ ಬರೆದವರು. ಮೇಲಿನವರು ಮೂರು ಸಾಲಿಗಿಂತ ಹೆಚ್ಚು ಓದುವುದಿಲ್ಲ ಎಂಬುದು ಅವರ ಸಿದ್ಧಾಂತ. ಅವರಿಂದ ನಾನು ಕಲಿತ ವಿದ್ಯೆ ಅದೊಂದೇ, ಅದನ್ನು ಕ್ಲಬ್ಬಿನ ಮಕ್ಕಳಿಗೂ ದಾಟಿಸಿದ್ದೆ. ಯಾವ ವಿದ್ಯಾರ್ಥಿಯ ಮೇಲ್ ನನ್ನ ಮುಂದೆ ಬಂದರೂ ಕೆಂಪು ಪೆನ್ನು ಹಿಡಿದು ಮೂರು ಸಾಲಿಗೆ ಇಳಿಸಿ ಕೊಡುತ್ತಿದ್ದೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಫೆಬ್ರವರಿಯಲ್ಲಿ ಒಂದು ಶುಕ್ರವಾರ ಕೃತಜ್ಞತೆಯ ಪುಟದ ಪಾಠ. ಎಲ್ಲರೂ ಒಂದೇ ತರಹ ಬರೆದು ತಂದಿದ್ದರು, "ಅಮೂಲ್ಯ ಮಾರ್ಗದರ್ಶನ, ಅಪಾರ ತಾಳ್ಮೆ." ನನಗೆ ರೇಗಿತು. "ಈಗ ಹತ್ತು ನಿಮಿಷ ನಿಜವಾದ ಕೃತಜ್ಞತೆ ಬರೀರಿ. ಸಿಟ್ಟು ಬಂದಾಗ ಯಾವ ಭಾಷೆಯಲ್ಲಿ ಬೈತೀರೋ ಅದರಲ್ಲೇ ಬರೀರಿ. ಪ್ರಬಂಧದ ಪುಟದಲ್ಲೇ, ಅದೇ ಮಾರ್ಜಿನ್ ಇಟ್ಟುಕೊಂಡು ಬರೀರಿ, ಆಗಲೇ ನಿಜ ಹೊರಗೆ ಬರೋದು. ಯಾರೂ ಓದೋದಿಲ್ಲ, ನಾನೂ ಓದೋದಿಲ್ಲ. ಬರೆದು, ಒಂದ್ಸಲ ನೀವೇ ಓದಿ, ಅಳಿಸಿಬಿಡಿ" ಎಂದೆ. ಎಲ್ಲರೂ ಅಳಿಸಿದರು. ಮಹಂತೇಶ್ ಅಳಿಸಲಿಲ್ಲ.

"ಅಳಸಾಕ ಮನಸಾಗಲಿಲ್ರಿ" ಎಂದ ಈಗ. ಹಿಂದಿನ ದಿನ ಬೇರ್ ಸರಾಯ್‌ನ ಬೈಂಡಿಂಗ್ ಅಂಗಡಿಗೆ ಪೆನ್‌ಡ್ರೈವ್ ಕೊಡುವಾಗ ಅವಸರದಲ್ಲಿ ಅದೇ ಫೈಲು ಹೋಗಿಬಿಟ್ಟಿತ್ತು. ಇಡೀ ಪ್ರಬಂಧ ಇಂಗ್ಲಿಷಿನಲ್ಲಿ, ನಡುವೆ ಒಂದೇ ಪುಟ ಕನ್ನಡ. ನಿನಗೆ ಅನುಮಾನ ಬರಲಿಲ್ಲವೇ ಭಯ್ಯಾ ಎಂದು ಕೇಳಿದರೆ ಅಂಗಡಿಯವನು, "ಮುಝೆ ಲಗಾ ಭಗವಾನ್ ಕಾ ಕುಛ್ ಹೋಗಾ" ಎಂದನಂತೆ. ತಿಳಿಯದ ಲಿಪಿ ಕಂಡು ದೇವರ ಸ್ತೋತ್ರ ಅಂದುಕೊಂಡಿದ್ದ.

ಬೇರೆ ಯಾರ ವಿದ್ಯಾರ್ಥಿಯಾಗಿದ್ದರೂ ಬಚಾವಾಗುತ್ತಿದ್ದ. ಇವನ ಗೈಡ್ ಪ್ರೊಫೆಸರ್ ಕೃಷ್ಣಮೂರ್ತಿ. ಮೈಸೂರಿನವರು. ನನ್ನನ್ನು ಬಿಟ್ಟರೆ ಕನ್ನಡ ಓದಬಲ್ಲ ಗೈಡ್ ಆ ಇಡೀ ವಿಶ್ವವಿದ್ಯಾಲಯದಲ್ಲಿ ಅವರೊಬ್ಬರೇ. ಹಿಂದೊಮ್ಮೆ ನನಗೂ ಗೈಡ್ ಆಗಿದ್ದವರು.

ಅವತ್ತೇ ಕೊನೆಯ ದಿನ ಬೇರೆ. ಮಹಂತೇಶನ ನೋಂದಣಿಗೆ ಆರು ವರ್ಷ ತುಂಬಿ, ಒಂದು ವಿಸ್ತರಣೆಯೂ ಮುಗಿದಿತ್ತು. ಸಂಜೆ ಐದರೊಳಗೆ ನಾಲ್ಕು ಪ್ರತಿಗಳು ಪರೀಕ್ಷಾ ವಿಭಾಗ ಸೇರಬೇಕು, ಐದನೆಯದು ಗೈಡ್‌ಗೆ. ಪ್ರತಿಯೊಂದರಲ್ಲೂ ಗೈಡ್ ಸಹಿ ಇರಬೇಕು, ಮತ್ತು ಗೈಡ್ ತಮ್ಮ ಕಂಪ್ಯೂಟರಿನಲ್ಲಿ ವಿಶ್ವವಿದ್ಯಾಲಯದ ಪೋರ್ಟಲ್ ತೆರೆದು 'ಫಾರ್ವರ್ಡ್' ಒತ್ತಬೇಕು. ಒತ್ತದಿದ್ದರೆ ನೋಂದಣಿ ರದ್ದು. ಮಾನೇಸರ್‌ನ ಕಾರು ಬಿಡಿಭಾಗದ ಕಾರ್ಖಾನೆಗಳ ಗುತ್ತಿಗೆ ಕೆಲಸಗಾರರ ಜೊತೆ ಒಂದೇ ಕೋಣೆಯಲ್ಲಿ ಐದು ಜನ ಮಲಗಿ ಎರಡು ವರ್ಷ ಕಲೆಹಾಕಿದ ಕೆಲಸ ಅದು. ಒಂದು ಪುಟಕ್ಕಾಗಿ ಎಲ್ಲ ನೀರುಪಾಲಾಗುತ್ತಿತ್ತು. ಕೃಷ್ಣಮೂರ್ತಿ ಸರ್ ಸಂಜೆ ಪುಣೆಗೆ ಹೊರಟಿದ್ದರು, ನಾಲ್ಕೂವರೆಗೆ ಕ್ಯಾಬ್. ಆಗ ಮೀಟಿಂಗಿನಲ್ಲಿದ್ದರು.

"ಮತ್ತೆ ಬೈಂಡ್ ಮಾಡಿಸೋಕೆ ಎಷ್ಟು ಹೊತ್ತು?"

"ನಾಕು ತಾಸು ಅಂತಾನ್ರಿ."

"ಹಾಗಾದ್ರೆ ಕತ್ತರಿಸೋದೇ ದಾರಿ. ಬಾಗಿಲು ಹಾಕು."

ಅನನ್ಯಾಳಿಗೆ ಫೋನ್ ಮಾಡಿದೆ. ನಮ್ಮ ಕ್ಲಬ್ಬಿನ ಎರಡನೇ ವರ್ಷದ ಹುಡುಗಿ, ಗುರುಗ್ರಾಮದಲ್ಲಿ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಹತ್ತು ನಿಮಿಷದಲ್ಲಿ ಸರಿಯಾದ ಪುಟದ ಐದು ಪ್ರಿಂಟ್, ಒಂದು ಬ್ಲೇಡು, ಒಂದು ಗೋಂದಿನ ಕಡ್ಡಿ ತಂದಳು. "ಮ್ಯಾಮ್, ಇದು ಲೀಗಲ್ ಹೈ ಕ್ಯಾ?" ಎಂದಳು. "ನೀನು ಸ್ಕೇಲ್ ಗಟ್ಟಿಯಾಗಿ ಹಿಡಿ ಸಾಕು" ಎಂದೆ.

ಹೊಲಿಗೆಯ ಹತ್ತಿರ ಒಂದು ಬೆರಳಗಲ ಬಿಟ್ಟು ಹಳೆಯ ಪುಟ ಕತ್ತರಿಸುವುದು, ಉಳಿದ ಪಟ್ಟಿಗೆ ಹೊಸ ಪುಟ ಅಂಟಿಸಿ ಒತ್ತಿ ಹಿಡಿಯುವುದು. ಮೊದಲ ಪ್ರತಿಗೆ ಇಪ್ಪತ್ತು ನಿಮಿಷ ಬೇಕಾಯಿತು. ಬ್ಲೇಡು ನಾನೇ ತೆಗೆದುಕೊಂಡೆ. ಆಗಲೇ ನನ್ನ ಕಣ್ಣಿಗೆ ಮೊದಲ ಪ್ಯಾರಾ ಬಿದ್ದದ್ದು. ಓದುವುದಿಲ್ಲ ಎಂದು ಮಾತು ಕೊಟ್ಟವಳು ನಿಜ, ಆದರೆ ಕಣ್ಣು ಕೇಳಬೇಕಲ್ಲ.

"ಪ್ರೊ. ಕೃಷ್ಣಮೂರ್ತಿಯವರಿಗೆ. ನನ್ನ ಎರಡನೇ ಅಧ್ಯಾಯ ಹದಿನಾಲ್ಕು ತಿಂಗಳು ನಿಮ್ಮ ಮೇಜಿನ ಮೇಲಿತ್ತು. ವಾಪಸ್ ಬಂದಾಗ ಅದರ ಮೇಲೆ ಚಹಾ ಲೋಟದ ಗುರುತು ಒಂದು ಬಿಟ್ಟರೆ ನಿಮ್ಮ ಗುರುತು ಯಾವುದೂ ಇರಲಿಲ್ಲ. ಆ ಚಹಾಕ್ಕೆ ನನ್ನ ವಂದನೆಗಳು."

ಆ ಗಡಿಬಿಡಿಯಲ್ಲೂ ನನಗೆ ನಗು ತಡೆಯಲಾಗಲಿಲ್ಲ. ನನ್ನ ಮೂರನೇ ಅಧ್ಯಾಯ ಅದೇ ಮೇಜಿನ ಮೇಲೆ ಹನ್ನೊಂದು ತಿಂಗಳು ಬಿದ್ದಿತ್ತು. ಅದನ್ನು ಒಂದು ಸಾಲಿನಲ್ಲಾದರೂ ಹೇಳುವ ಧೈರ್ಯ ನನಗೆ ಬಂದಿರಲಿಲ್ಲ. ಹುಡುಗ ಭಲೇ ಎನ್ನಿಸಿತು. ಮುಂದಕ್ಕೆ ಕಣ್ಣು ಹಾಯಿಸುವಷ್ಟರಲ್ಲಿ ಅವನು ಅಂಗೈ ಅಡ್ಡ ಇಟ್ಟ.

"ಮುಂದ ಓದಬ್ಯಾಡ್ರಿ ಮೇಡಂ."

"ಸರಿ ಬಿಡಪ್ಪ" ಎಂದು ಬ್ಲೇಡು ಎಳೆದೆ. ಮುಂದೆಯೂ ಸರ್‌ಗೇ ಮಂಗಳಾರತಿ ಇರಬೇಕು ಅಂದುಕೊಂಡೆ.

ಎರಡನೆಯದು ಬೇಗ ಆಯಿತು. ಮೂರನೆಯದರಲ್ಲಿ ಹೊಸ ಪುಟ ಓರೆಯಾಗಿ ಕೂತು ಮತ್ತೆ ಕಿತ್ತು ಅಂಟಿಸಿದೆವು. ನಾಲ್ಕನೆಯದು ಮುಗಿಯುವಾಗ ಮೂರೂಮುಕ್ಕಾಲು. ಐದನೆಯದನ್ನು ತೆರೆದು ಸ್ಕೇಲ್ ಇಟ್ಟಿದ್ದಷ್ಟೇ, ಬಾಗಿಲು ತೆರೆಯಿತು. ಕೃಷ್ಣಮೂರ್ತಿ ಸರ್‌ಗೆ ನನ್ನ ಕೋಣೆಯ ಬಾಗಿಲು ತಟ್ಟುವ ರೂಢಿ ಇಲ್ಲ. ನಾನು ಇಪ್ಪತ್ತಮೂರರ ಹುಡುಗಿಯಾಗಿದ್ದಾಗ ನೋಡಿದವರು, ಇನ್ನೂ ಹಾಗೇ ಅಂದುಕೊಂಡಿದ್ದಾರೆ.

"ಇಲ್ಲಿದ್ದೀಯೇನಯ್ಯಾ? ಇಡೀ ಡಿಪಾರ್ಟ್‌ಮೆಂಟ್ ಹುಡುಕಿಸಿದೆ. ಕ್ಯಾಬ್ ಬರುತ್ತೆ, ಕೊಡು ಸಹಿ ಹಾಕ್ತೀನಿ."

ನಾನು ಬ್ಲೇಡನ್ನು ಡ್ರಾಯರಿಗೆ ತಳ್ಳಿದೆ. ಅನನ್ಯಾ ಗೋಂದಿನ ಕಡ್ಡಿಯ ಮೇಲೆ ಕೂತುಬಿಟ್ಟಳು. ಸರ್ ಕುರ್ಚಿ ಎಳೆದುಕೊಂಡು ಕೂತು ಜೇಬಿನಿಂದ ಇಂಕ್ ಪೆನ್ನು ತೆಗೆದರು. ಅವರ ಕಣ್ಣು ಪುಟಗಳ ಮೇಲೆ ನಿಲ್ಲಬಾರದೆಂದು ನಾನು ಪುಣೆಯ ಬಗ್ಗೆ ಬಾಯಿಗೆ ಬಂದದ್ದೆಲ್ಲ ಕೇಳುತ್ತ ಹೋದೆ, ಹವೆ ಹೇಗಿದೆಯಂತೆ, ಯಾವ ಗೆಸ್ಟ್ ಹೌಸು, ವಾಪಸ್ ಯಾವಾಗ. ಅವರು ಉತ್ತರ ಹೇಳುತ್ತಲೇ ಪ್ರಮಾಣಪತ್ರದ ಪುಟ ತೆರೆದು ಒಂದೊಂದಕ್ಕೂ ಸಹಿ ಹಾಕಿದರು. ಐದೂ ಮುಗಿಯಿತು. ಅಷ್ಟರಲ್ಲಿ ಕೊನೆಯದಾಗಿ ಸಹಿ ಹಾಕಿದ್ದನ್ನು, ಅಂದರೆ ಇನ್ನೂ ಕತ್ತರಿಸದೆ ಉಳಿದದ್ದನ್ನೇ, ಕಂಕುಳಿಗೆ ಸೇರಿಸಿಕೊಂಡು ಎದ್ದರು.

"ಇದು ನನ್ನ ಕಾಪಿ. ವಿಮಾನದಲ್ಲಿ ನೋಡ್ತೀನಿ."

"ಸರ್, ಅದು... ನಿಮಗ ಬ್ಯಾರೇದು ಕೊಡ್ತೀನ್ರಿ" ಎಂದ ಮಹಂತೇಶ್.

"ಅದರ ಬೈಂಡಿಂಗ್ ಸರಿಯಿಲ್ಲ ಸರ್" ಎಂದೆ ನಾನು.

"ನಾನೇನು ಬೈಂಡಿಂಗ್ ಓದ್ತೀನಾ ಚಿನ್ಮಯಿ?" ಎಂದು ನಕ್ಕು ಹೊರಟೇಬಿಟ್ಟರು. "ರೂಮಿಗೆ ಹೋಗಿ ಪೋರ್ಟಲ್‌ನಲ್ಲಿ ಒತ್ತಿಬಿಡ್ತೀನಿ. ನೀನು ಓಡು, ಕೊಟ್ಟು ಬಾ."

ನಾಲ್ಕು ಪ್ರತಿಗಳನ್ನು ಮಹಂತೇಶ್ ಮತ್ತು ಅನನ್ಯಾಳ ಕೈಗೆ ತುರುಕಿ ಪರೀಕ್ಷಾ ವಿಭಾಗಕ್ಕೆ ಓಡಿಸಿದೆ. ಅದು ಕ್ಯಾಂಪಸ್ಸಿನ ಆ ತುದಿಯಲ್ಲಿ. ನಾಲ್ಕನ್ನೂ ಕಳಿಸಿದ ಮೇಲೆ ಹೊಳೆಯಿತು, ಒಂದನ್ನು ಉಳಿಸಿಕೊಂಡು ಸರ್ ಹತ್ತಿರ ಅದಲು ಬದಲು ಮಾಡಬಹುದಿತ್ತು. ನನ್ನ ತಲೆಗೆ ನಾನೇ ಹೊಡೆದುಕೊಂಡು ಅವರ ಕೋಣೆಗೆ ನಡೆದೆ. ಒಂದೇ ಆಸೆ ಉಳಿದಿತ್ತು, ಅವರು ಮೊದಲು ಪೋರ್ಟಲ್ ಒತ್ತಿ ಆಮೇಲೆ ಪುಸ್ತಕ ತೆರೆಯಲಿ.

ಹಾಗಾಗಲಿಲ್ಲ. ಕಂಪ್ಯೂಟರಿನಲ್ಲಿ ಪೋರ್ಟಲ್ ತೆರೆದಿತ್ತು, ಮಹಂತೇಶನ ಹೆಸರಿನ ಮುಂದೆ 'ಪೆಂಡಿಂಗ್' ಎಂದು ಹಳದಿ ಅಕ್ಷರ. ಸರ್ ಅದಕ್ಕೆ ಬೆನ್ನು ಮಾಡಿ ಕಿಟಕಿಯ ಹತ್ತಿರ ನಿಂತು ಓದುತ್ತಿದ್ದರು. ನಾನು ಬಂದದ್ದು ಗೊತ್ತಾದರೂ ತಲೆಯೆತ್ತಲಿಲ್ಲ. ಗೋಡೆಯ ಗಡಿಯಾರದಲ್ಲಿ ನಾಲ್ಕು ಹೊಡೆದು ಹತ್ತು ನಿಮಿಷ.

"ಹದಿನಾಲ್ಕು ತಿಂಗಳು" ಎಂದರು. "ಎಷ್ಟು ಚೆನ್ನಾಗಿ ಬರೆದಿದ್ದಾನೆ ನೋಡು. ಇಂಗ್ಲಿಷ್ ಪ್ರಬಂಧದಲ್ಲಿ ಒಂದು ಕಡೆಯಾದ್ರೂ ಹೀಗೆ ಬರೆದಿದ್ದಾನಾ?"

"ಸರ್, ಅವನ ತಪ್ಪಲ್ಲ. ಕ್ಲಬ್ಬಿನಲ್ಲಿ ನಾನು ಕೊಟ್ಟ ಅಭ್ಯಾಸ ಅದು. ಬರೆದು ಅಳಿಸಿಬಿಡಿ ಅಂದಿದ್ದೆ. ಫೈಲು ಅದಲು ಬದಲಾಗಿ..."

"ಬಾಗಿಲು ಹಾಕ್ಕೊಂಡು ಇದನ್ನು ಕಲಿಸ್ತೀಯಾ ನೀನು? ಗೈಡ್‌ಗಳನ್ನ ಬೈಯೋದು?"

"ಬೈಯೋದನ್ನ ಕಲಿಸಬೇಕಾಗಿಲ್ಲ ಸರ್, ಬಂದೇ ಇರುತ್ತೆ. ನೀವು ಹೇಳಿಕೊಡದೇ ಇರೋದನ್ನ ಕಲಿಸ್ತೀನಿ."

ಬಾಯಿ ತಪ್ಪಿ ಬಂದ ಮಾತಲ್ಲ. ಇಪ್ಪತ್ತು ವರ್ಷದಿಂದ ಗಂಟಲಲ್ಲಿದ್ದದ್ದು. ಅವರ ಮುಖ ಕೆಂಪಾಯಿತು. ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು.

"ಇದು ಸುಳ್ಳು ಅಂತ ಹೇಳು. ಹುಡುಗಾಟಕ್ಕೆ ಬರೆದದ್ದು ಅಂತ ಹೇಳು. ಈಗಲೇ ಒತ್ತಿ ಕಳಿಸ್ತೀನಿ."

ಎಷ್ಟು ಸುಲಭವಿತ್ತು! ಹಿರಿಯರಿಗೆ ಯಾವಾಗಲೂ ಮರ್ಯಾದೆಯಿಂದ ಹೊರಬೀಳುವ ದಾರಿ ಬಿಡಬೇಕು ಎಂದು ಮಕ್ಕಳಿಗೆ ನೂರು ಸಲ ಹೇಳಿದವಳು ನಾನು. ಹ್ಞೂಂ ಅಂದುಬಿಟ್ಟರೆ ಹುಡುಗ ದಡ ಸೇರುತ್ತಿದ್ದ. ಆದರೆ ಸಿಟ್ಟು ನನ್ನ ಬುದ್ಧಿಗಿಂತ ಮುಂದೆ ಓಡಿತ್ತು.

"ಸುಳ್ಳಲ್ಲ ಸರ್. ಅವನದು ಹದಿನಾಲ್ಕು, ನನ್ನದು ಹನ್ನೊಂದು. ಮೂರನೇ ಅಧ್ಯಾಯ. ನೆನಪಿದೆಯಾ ನಿಮಗೆ?"

"ನೀನು ಆಗ ಯಾಕೆ ಹೇಳಲಿಲ್ಲ?"

"ಹೇಳೋದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಈ ಶುಕ್ರವಾರದ ಕ್ಲಬ್ ಶುರು ಮಾಡಿದ್ದು."

ಹೇಳಿ ಮುಗಿಸಿದಾಗ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಸುಳ್ಳು ಹೇಳುವುದಿಲ್ಲ, ಗೆದ್ದೆ ಅನ್ನಿಸಿತು. ಅವರು ನಿಧಾನವಾಗಿ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ ತಳ್ಳಿದರು.

"ಹಾಗಾದ್ರೆ ಎರಡನೇ ಪ್ಯಾರಾನೂ ಓದು. ಗಟ್ಟಿಯಾಗಿ ಓದು."

ನಾನು ಓದತೊಡಗಿದೆ.

"ಶುಕ್ರವಾರದ ಮೇಡಂ ಅವರಿಗೆ. ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಗ ರಜೆ ಕೇಳಿ ಸರ್‌ಗೆ ಒಂಬತ್ತು ಸಾಲಿನ ಮೇಲ್ ಬರೆದು ನಿಮಗೆ ತೋರಿಸಿದೆ. ಅವತ್ತು ಕ್ಲಬ್ಬಿನಲ್ಲಿ ತುಂಬ ಜನ ಇದ್ದರು, ನೀವು ಅವಸರದಲ್ಲಿದ್ದಿರಿ. ಆರು ಸಾಲು ಹೊಡೆದು ಹಾಕಿದಿರಿ. ಅಪ್ಪನ ಸಾಲೂ ಅದರಲ್ಲೇ ಹೋಯಿತು. 'ವೈಯಕ್ತಿಕ ಕಾರಣ ಅಂದ್ರೆ ಸಾಕು, ಗೈಡ್‌ಗಳಿಗೆ ಮನೆ ಕತೆ ಬೇಡ' ಎಂದಿರಿ. ಸರ್ ಎರಡು ಸಾಲಿನ ಉತ್ತರ ಕಳಿಸಿದರು: ಅಧ್ಯಾಯ ಮುಗಿಸಿ ಹೋಗು. ಮುಗಿಸಿ ಹೋದೆ. ಹನ್ನೆರಡನೇ ದಿನಕ್ಕೆ ಊರು ಮುಟ್ಟಿದಾಗ ಅಪ್ಪ ಹೋಗಿ ಮೂರು ದಿನವಾಗಿತ್ತು. ನಿಮ್ಮ ಮೇಲೆ ಸಿಟ್ಟಿಲ್ಲ ಮೇಡಂ. ಮೇಲ್ ಬಹಳ ಚೆನ್ನಾಗಿತ್ತು."

ಕೊನೆಯ ವಾಕ್ಯವನ್ನು ಮನಸ್ಸಿನಲ್ಲೇ ಓದಿದೆ. ಆ ಶುಕ್ರವಾರ ನೆನಪಿಗೆ ಬರಲೇ ಇಲ್ಲ ಎಂಬುದು ಇನ್ನೂ ಕೆಟ್ಟದ್ದು. ನಾನು ಅಂಥ ಎಷ್ಟು ಮೇಲ್‌ಗಳನ್ನು ಕತ್ತರಿಸಿದ್ದೇನೋ! ಕೆಂಪು ಗೆರೆ ಎಳೆಯುವಾಗ ಆ ಸಾಲನ್ನು ನಾನು ಓದಿಯೇ ಇರಲಿಲ್ಲ, ಎಣಿಸಿದ್ದೆ ಅಷ್ಟೇ.

ಸರ್ ತಮ್ಮ ಮೇಲ್ ಪೆಟ್ಟಿಗೆಯಲ್ಲಿ ಹುಡುಕತೊಡಗಿದ್ದರು. ಕಾಲು ಗಂಟೆ ಹುಡುಕಿ, ಎರಡು ವರ್ಷ ಹಿಂದಕ್ಕೆ ಹೋಗಿ ಒಂದನ್ನು ತೆರೆದರು. "ವೈಯಕ್ತಿಕ ಕಾರಣಗಳಿಗಾಗಿ ಹತ್ತು ದಿನಗಳ ರಜೆ ಕೋರುತ್ತೇನೆ." ಇಂಗ್ಲಿಷಿನಲ್ಲಿ, ಒಂದು ಅಲ್ಪವಿರಾಮವೂ ತಪ್ಪಿಲ್ಲದಂತೆ, ಮೂರು ಸಾಲು. ಅವರ ಉತ್ತರ ಎರಡು ಸಾಲು.

"ಇದು ನೀನು ಬರೆದದ್ದಾ?"

"ಹೌದು ಸರ್."

"ನಾನು ಇದನ್ನ ನೋಡಿ ಯಾರದೋ ಮದುವೆಗೆ ಹೋಗ್ತಾನೆ ಅಂದ್ಕೊಂಡೆ" ಎಂದರು. ಆ ಮಾತನ್ನು ನನಗೆ ಹೇಳಿದರೋ ಆ ಪರದೆಗೆ ಹೇಳಿದರೋ ತಿಳಿಯಲಿಲ್ಲ. "ವಾಪಸ್ ಬಂದ ದಿನ ಅವನ ತಲೆ ಬೋಳಾಗಿತ್ತು. ತಿರುಪತಿಗೆ ಹೋಗಿದ್ಯೇನಯ್ಯಾ ಅಂತ ತಮಾಷೆ ಮಾಡಿದೆ."

ನನ್ನ ಫೋನ್ ಹೊಡೆದುಕೊಂಡಿತು. ಅನನ್ಯಾ. "ಮ್ಯಾಮ್, ಇಲ್ಲಿ ಪೋರ್ಟಲ್ ಪೇ ಪೆಂಡಿಂಗ್ ದಿಖಾ ರಹಾ ಹೈ. ಇವ್ರು ತಗೊಳ್ತಾ ಇಲ್ಲ. ಮಹಂತೇಶ್ ಭಯ್ಯಾ ಸರ್ ಹತ್ರ ಬರ್ತಾ ಇದ್ದಾರೆ. ಪ್ಲೀಸ್ ಜಲ್ದಿ, ಐದಕ್ಕೆ ಕೌಂಟರ್ ಬಂದ್."

ನಾಲ್ಕೂಮುಕ್ಕಾಲು. ಕೆಳಗೆ ಕ್ಯಾಬ್ ಬಂದು ಹಾರ್ನ್ ಹೊಡೆಯುತ್ತಿತ್ತು.

"ಸರ್, ಮೊದಲು ಒತ್ತಿಬಿಡಿ. ಆಮೇಲೆ ನನ್ನನ್ನ ಏನು ಬೇಕಾದ್ರೂ ಅನ್ನಿ."

ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಕೈ ಮೌಸಿನ ಮೇಲಿತ್ತು, ಅಲುಗಲಿಲ್ಲ. ಅಷ್ಟರಲ್ಲಿ ಮಹಂತೇಶ್ ಓಡಿ ಬಂದು ಬಾಗಿಲಲ್ಲಿ ನಿಂತ. ಮೇಜಿನ ಮೇಲೆ ತೆರೆದಿದ್ದ ಪುಟ ಕಂಡಿತು, ನನ್ನ ಮುಖ ಕಂಡಿತು.

"ಒಳಗೆ ಬಾ" ಎಂದರು ಸರ್. "ಇದು ನೀನು ಬರೆದದ್ದಾ?"

"ಹೌದ್ರಿ ಸರ್."

"ನಿಜಾನಾ?"

ಅವನು ನನ್ನ ಕಡೆ ನೋಡಿದ. ಯಾವ ಮಾತಿಗೂ ಮೊದಲು ಹಾಗೆ ನನ್ನ ಕಡೆ ನೋಡುವ ಅಭ್ಯಾಸವನ್ನು ಹಿಡಿಸಿದ್ದು ನಾನೇ. ನನಗೆ ತಲೆಯೆತ್ತಲಾಗಲಿಲ್ಲ.

"ನಿಜಾರಿ" ಎಂದ.

"ಆ ಒಂಬತ್ತು ಸಾಲಿನ ಮೇಲ್ ಇದೆಯಾ ಇನ್ನೂ?"

"ಡ್ರಾಫ್ಟ್‌ನಾಗ ಐತ್ರಿ."

"ಕಳಿಸು."

"ಸರ್?"

"ಈಗ ಕಳಿಸು. ನನಗೆ ಬರೆದದ್ದಲ್ವಾ?"

ಮಹಂತೇಶ್ ಮೊಬೈಲ್ ತೆಗೆದ. ಬೆರಳು ಬೆವರಿ ಪರದೆಯ ಮೇಲೆ ಎರಡು ಸಲ ಜಾರಿತು. ಗಡಿಯಾರ ನಾಲ್ಕು ಐವತ್ತೆರಡು ತೋರಿಸುತ್ತಿತ್ತು. ಮೇಲ್ ಬಂದ ಸದ್ದಾಯಿತು. ಸರ್ ಕನ್ನಡಕ ಒರೆಸಿ ಹಾಕಿಕೊಂಡು ಕೂತು ಓದತೊಡಗಿದರು. ನಿಧಾನವಾಗಿ ಓದಿದರು. ನನಗೆ ಕೂಗಿಬಿಡಬೇಕು ಅನ್ನಿಸಿತು, ಮೊದಲು ಒತ್ತಿ ಸರ್, ಆರು ವರ್ಷ ಹೋಗುತ್ತೆ, ಆಮೇಲೆ ಓದಿ. ತುಟಿಯವರೆಗೂ ಬಂತು. ಆ ಸಾಲುಗಳನ್ನು ಒಮ್ಮೆ ಅವಸರದಲ್ಲಿ ಹೊಡೆದು ಹಾಕಿದವಳು ಈಗ ಮತ್ತೆ ಅವಸರ ಮಾಡುವುದು ಹೇಗೆ? ಅವರ ಭುಜದ ಮೇಲಿಂದ ನಾನೂ ಓದಿದೆ.

ಅಪ್ಪನ ಹೆಸರು ಶಂಕರಪ್ಪ, ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಎಂದಿತ್ತು. ಎರಡೂ ಕಿಡ್ನಿ ನಿಂತಿವೆ, ಡಾಕ್ಟರು ಹತ್ತು ದಿನ ಎಂದಿದ್ದಾರೆ ಎಂದಿತ್ತು. ನಾನೊಬ್ಬನೇ ಮಗ ಎಂದಿತ್ತು. ಏಳನೆಯ ಸಾಲು ಹೀಗಿತ್ತು: "ಅಪ್ಪ ಫೋನಿನಲ್ಲಿ ಯಾವಾಗಲೂ ಮೊದಲು ನಿಮ್ಮ ಆರೋಗ್ಯ ಕೇಳುತ್ತಾರೆ, ಆಮೇಲೆ ನನ್ನದು. ನಿಮ್ಮನ್ನು ಒಮ್ಮೆ ನೋಡಬೇಕು ಎನ್ನುತ್ತಿದ್ದರು."

ನಾಲ್ಕು ಐವತ್ತಾರು. ಸರ್ ಕೊನೆಯ ಸಾಲು ಮುಗಿಸಿದರು. ಮತ್ತೆ ಪೋರ್ಟಲ್‌ಗೆ ಬಂದು ಫಾರ್ವರ್ಡ್ ಒತ್ತಿದರು. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಮೂವರೂ ಅದನ್ನೇ ನೋಡುತ್ತಿದ್ದೆವು. ಹಳದಿ ಅಕ್ಷರ ಹೋಗಿ ಹಸಿರಾಯಿತು. ಎರಡು ನಿಮಿಷಕ್ಕೆ ಅನನ್ಯಾಳ ಫೋನ್ ಬಂತು. "ಮ್ಯಾಮ್, ಹೋ ಗಯಾ! ರಸೀದಿ ಸಿಕ್ತು!" ಎಂದು ಅವಳು ಕಿರುಚಿದ್ದು ಕೋಣೆಯಲ್ಲೆಲ್ಲ ಕೇಳಿಸಿತು. ಯಾರೂ ನಗಲಿಲ್ಲ.

"ಮಹಂತೇಶ್, ಆ ಸಾಲುಗಳನ್ನ ಹೊಡೆದು ಹಾಕಿದ್ದು ನಾನು" ಎಂದೆ. ಅವನಿಗೆ ಗೊತ್ತಿದ್ದದ್ದನ್ನೇ ಅವನಿಗೆ ಹೇಳುತ್ತಿದ್ದೆ. ಕ್ಷಮಿಸು ಎಂಬ ಮಾತು ಬಾಯಿಗೆ ಬಂದು, ಅದೂ ಎಲ್ಲೋ ಬರೆದಿಟ್ಟುಕೊಂಡದ್ದರ ಹಾಗೆ ಕೇಳಿಸೀತು ಎಂದು ಹೆದರಿಕೆಯಾಯಿತು. ಆದರೂ ಹೇಳಿದೆ. ಅವನು ತಲೆ ತಗ್ಗಿಸಿ, "ಇರ್ಲಿ ಬಿಡ್ರಿ ಮೇಡಂ" ಎಂದ. ಅವನ ಕಣ್ಣು ತುಂಬಿತ್ತು. ಇರಲಿ ಎಂದು ಬಿಡುವಂಥದ್ದಲ್ಲ ಅದು ಎಂದು ಮೂವರಿಗೂ ಗೊತ್ತಿತ್ತು.

ಕೆಳಗೆ ಹಾರ್ನ್ ನಿಂತಿತು, ಕ್ಯಾಬ್ ಹೋಗಿರಬೇಕು. ಸರ್ ಆ ಮೇಲ್‌ಗೆ ಉತ್ತರದ ಜಾಗ ತೆರೆದಿದ್ದರು. "ಪ್ರಿಯ ಮಹಂತೇಶ್" ಎಂದು ಕನ್ನಡದಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಅಲ್ಲಿಗೆ ಬೆರಳು ನಿಂತಿತು. ಮಹಂತೇಶ್ ಎದುರಿಗೇ ನಿಂತಿದ್ದ, ಆದರೂ ಅವನಿಗೆ ಬಾಯಲ್ಲಿ ಹೇಳಲು ಅವರಿಂದ ಆಗುತ್ತಿರಲಿಲ್ಲ. ನನ್ನ ಕಡೆ ತಿರುಗಿದರು. ಅರವತ್ತಮೂರು ವರ್ಷದ ಮನುಷ್ಯ, ನಲವತ್ತು ಜನರಿಗೆ ಪಿಎಚ್‌ಡಿ ಮಾಡಿಸಿದವರು.

"ಇಂಥದ್ದಕ್ಕೆ ಏನು ಬರೀಬೇಕು ಚಿನ್ಮಯಿ? ನಿನಗೆ ಗೊತ್ತಿರುತ್ತಲ್ಲ."

ನನ್ನ ತಲೆಯಲ್ಲಿ ತಕ್ಷಣವೇ ಮೂರು ಸಾಲು ಸಿದ್ಧವಾದವು. ಅಚ್ಚುಕಟ್ಟಾದ, ಯಾರಿಗಾದರೂ ಯಾವಾಗಲಾದರೂ ಕಳಿಸಬಹುದಾದ ಮೂರು ಸಾಲು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ನನಗೆ ಗೊತ್ತಿಲ್ಲ ಸರ್" ಎಂದೆ.

ಮಹಂತೇಶ್ ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತ. ಸರ್ ಕೀಬೋರ್ಡನ್ನು ದೂರ ಸರಿಸಿ, "ನಿಮ್ಮ ತಂದೆಯವರ ಬಗ್ಗೆ ಹೇಳಯ್ಯಾ" ಎಂದರು. ನಾನು ಅಲ್ಲಿರಬೇಕೋ ಹೋಗಬೇಕೋ ತಿಳಿಯದೆ ಬಾಗಿಲ ಹತ್ತಿರವೇ ನಿಂತಿದ್ದೆ.